ಪೆಟ್ಟಿಗೆಯ ಮೇಲಿನ ದಕಾರ

ನನ್ನ ಅಕ್ಷರ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೋದ ತಿಂಗಳು ಆದೋನಿಯಲ್ಲಿ ತಮ್ಮನ ಮೊಮ್ಮಗಳ ಮದುವೆಯ ಓಡಾಟ ನಡೆದಿತ್ತು. ಲಗ್ನಪತ್ರಿಕೆಗಳ ಕಟ್ಟನ್ನು ತಂದು ನನ್ನ ಮುಂದಿಟ್ಟು, ದೊಡ್ಡಜ್ಜನ ಅಕ್ಷರ ಮುತ್ತು ಪೋಣಿಸಿದ ಹಾಗೆ, ಮೇಲಿನ ಹೆಸರುಗಳನ್ನೆಲ್ಲ ಅವರೇ ತೆಲುಗಿನಲ್ಲಿ ಬರೆಯಲಿ ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದರು. ನಾನು ಒಲ್ಲೆ ಎಂದೆ. ಕನ್ನಡದಲ್ಲಾದರೆ ಇನ್ನೂರು ಬರೆದು ಕೊಡುತ್ತೇನೆ, ತೆಲುಗಿನಲ್ಲಿ ಒಂದೂ ಇಲ್ಲ ಎಂದು ಸ್ವಲ್ಪ ಜೋರಾಗಿಯೇ ಅಂದೆ. ಮುದುಕನಿಗೆ ಭಾಷೆಯ ಹುಚ್ಚು ಹಿಡಿದಿದೆ ಎಂದು ಅವರು ನಕ್ಕರು. ನಗಲಿ. ಸಿಟ್ಟಿನಿಂದ ಎದ್ದು ಸ್ಟೇಷನ್ನಿನ ಕಡೆ ನಡೆದೆ. ಅಲ್ಲಿ ಗೂಡ್ಸ್ ಶೆಡ್ಡಿನ ಹಿಂದೆ ಯಾವುದೋ ಗಿರಣಿಯಲ್ಲಿ ಹತ್ತಿಬೀಜದ ಎಣ್ಣೆ ತೆಗೆಯುತ್ತಿದ್ದರು. ಬೀಜ ಬಿಸಿಯಾದಾಗ ಬರುವ ಆ ಕಮಟು ವಾಸನೆ ಮೂಗಿಗೆ ಬಡಿಯಿತು. ಐವತ್ತು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಈಗ ಹೇಳಿಬಿಡುತ್ತೇನೆ.

ಆಗ ನನಗೆ ಇಪ್ಪತ್ತನಾಲ್ಕು. ನಮ್ಮ ತಾಲೂಕು ಆಂಧ್ರಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ನಾನು ದಕ್ಷಿಣದ ಕಡೆ ಹೊಸದಾಗಿ ತೆರೆದಿದ್ದ ಒಂದು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ನಮ್ಮ ಪ್ರೊಫೆಸರು ಹತ್ತಿಬೀಜದೊಳಗಿನ ಒಂದು ಹಳದಿ ವಸ್ತುವಿನ ಬೆನ್ನು ಹತ್ತಿದ್ದರು. ಎಣ್ಣೆಯ ಬಣ್ಣ ಕೆಡಿಸುವುದು ಅದೇ, ಹಿಂಡಿ ಹೆಚ್ಚಾಗಿ ತಿಂದ ಎಳೆಗರುವಿನ ಹೊಟ್ಟೆ ಕೆಡಿಸುವುದೂ ಅದೇ. ನಾನು ಆದೋನಿಯವನು ಎಂದು ತಿಳಿದ ದಿನವೇ ಅವರು ನನ್ನನ್ನು ಆರಿಸಿಕೊಂಡರು. ಅವರಿಗೆ ಬೇಕಾಗಿದ್ದದ್ದು ನನ್ನ ತಲೆಗಿಂತ ನನ್ನ ಊರಿನ ಬೀಜ. ರಜೆಗೆ ಬಂದು ಹೋಗುವಾಗಲೆಲ್ಲ ಒಂದು ಚೀಲ ಬೀಜ ಹೊತ್ತುಕೊಂಡು ಹೋಗುತ್ತಿದ್ದೆ.

ಆ ಹಳದಿ ವಸ್ತು ಒಂದೋ ಎರಡೋ, ಎಷ್ಟಿದೆ ಎಂದು ತಿಳಿಯಬೇಕಾದರೆ ಬರಿಯ ಕಣ್ಣು ಸಾಲದು. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಅದರ ದ್ರಾವಣದ ಮೂಲಕ ಹಾಯಿಸಿ, ಯಾವ ಬೆಳಕನ್ನು ಅದು ಎಷ್ಟು ಕುಡಿಯಿತು ಎಂದು ಅಳೆಯುವ ಯಂತ್ರ ಬೇಕು. ಸ್ಪೆಕ್ಟ್ರೋಫೋಟೋಮೀಟರ್. ವಿಲಾಯತಿಯಿಂದ ತರಿಸಬೇಕು. ಅದಕ್ಕೆ ದಿಲ್ಲಿಯ ಅಪ್ಪಣೆ, ಆಮದಿನ ಲೈಸೆನ್ಸು, ಲೈಸೆನ್ಸಿನ ಅವಧಿ ಮುಗಿದರೆ ಮತ್ತೆ ಅರ್ಜಿ, ಅರ್ಜಿ ಕಳೆದುಹೋದರೆ ನಕಲು. ಎರಡು ವರ್ಷ ಇದೇ ಆಯಿತು. ಟೈಪ್ ಯಂತ್ರ ಇದ್ದರೂ ಪ್ರೊಫೆಸರು ಅರ್ಜಿಗಳನ್ನು ನನ್ನ ಕೈಯಲ್ಲೇ ಬರೆಸುತ್ತಿದ್ದರು. ನಿನ್ನ ಅಕ್ಷರ ನೋಡಿಯಾದರೂ ದಿಲ್ಲಿಯವರಿಗೆ ಕನಿಕರ ಬರಲಿ ಎನ್ನುತ್ತಿದ್ದರು. ಕೊನೆಗೆ ಲೈಸೆನ್ಸು ಬಂದಾಗ ಅದು ನನ್ನ ಅಕ್ಷರದ ಮಹಿಮೆಯೆಂದೇ ನಾನು ಒಳಗೊಳಗೆ ನಂಬಿದ್ದೆ. ವಯಸ್ಸು ಅಂಥದ್ದು.

ಯಂತ್ರ ಮುಂಬಯಿಯಲ್ಲಿ ಹಡಗಿನಿಂದ ಇಳಿಯಿತು, ರೈಲು ಹತ್ತಿತು. ಸಂಕ್ರಾಂತಿಯಾಗಿ ವಾರ ಕಳೆದಿತ್ತು. ಆಗ ತಂತಿ ಬಂತು: ವ್ಯಾಗನ್ನಿನ ಅಚ್ಚು ಕಾದುಹೋಗಿದ್ದರಿಂದ ಅದನ್ನು ದಾರಿಯಲ್ಲಿ ಕಳಚಿದ್ದಾರೆ, ಸಾಮಾನು ಇಳಿಸಿದ್ದಾರೆ, ಬೇರೆ ವ್ಯಾಗನ್ ಸಿಕ್ಕ ಮೇಲೆ ಮುಂದಕ್ಕೆ. ಇಳಿಸಿದ ಊರು ಆದೋನಿ. ಪ್ರೊಫೆಸರು ತಂತಿಯನ್ನು ನನ್ನ ಕೈಗೆ ಕೊಟ್ಟು, ನಿನ್ನ ಊರೇ ಅದನ್ನು ಹಿಡಿದುಕೊಂಡಿದೆ, ನೀನೇ ಬಿಡಿಸಿಕೊಂಡು ಬಾ ಎಂದರು. ಹೊರಡುವಾಗ ಎರಡು ಮಾತು ಹೇಳಿದರು. ಒಳಗೆ ಕೂದಲಿನಂಥ ತಂತಿಯ ಮೇಲೆ ತೂಗುವ ಭಾಗವಿದೆ, ಪೆಟ್ಟಿಗೆ ನಿಂತಂತೆಯೇ ಇರಬೇಕು, ಮಲಗಬಾರದು. ಮಲಗಿದ್ದು ಕಾಗದಪತ್ರದಲ್ಲಿ ಬಂತೋ, ವಿಮೆಯವರು ಮುಂಬಯಿಯಿಂದ ಬಂದು ಬಿಚ್ಚಿ ನೋಡುವ ತನಕ ಮುಟ್ಟುವ ಹಾಗಿಲ್ಲ, ಇನ್ನೊಂದು ಆರು ತಿಂಗಳು ಹೋಯಿತೆಂದು ತಿಳಿ.

ಅದು ಹತ್ತಿಯ ಸುಗ್ಗಿ. ಆ ದಿನಗಳಲ್ಲಿ ಆದೋನಿಯಲ್ಲಿ ಉಸಿರೆಳೆದರೆ ಹತ್ತಿಯೇ ಒಳಗೆ ಹೋಗುತ್ತಿತ್ತು. ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಗಳ ಕೂಗು, ಬಂಡಿಗಳ ಸಾಲು, ಮುಳ್ಳುಕಂಟಿಗಳ ಮೇಲೆಲ್ಲ ಬಿಳಿ ಎಳೆ. ಗೂಡ್ಸ್ ಶೆಡ್ಡಿನಲ್ಲಿ ಹತ್ತಿ ಒತ್ತಿ ಬಿಗಿದ ಬೇಲುಗಳು ಮಾಡು ಮುಟ್ಟಿದ್ದವು. ಬಂದ ಖಾಲಿ ವ್ಯಾಗನ್ನುಗಳೆಲ್ಲ ಹತ್ತಿಗೆ. ನನ್ನ ಪೆಟ್ಟಿಗೆ ಆಳೆತ್ತರ, ಗಟ್ಟಿ ಮರದ್ದು, ಒಂದು ಕಂಬಕ್ಕೆ ಒರಗಿ ಪರವೂರಿನ ನೆಂಟನ ಹಾಗೆ ನಿಂತಿತ್ತು. ನಾಳೆ, ನಾಡಿದ್ದು ಎನ್ನುತ್ತ ಶೆಡ್ಡಿನ ಗುಮಾಸ್ತರು ಮೂರು ವಾರ ತಳ್ಳಿದರು. ಅವರು ಕರಾವಳಿ ಕಡೆಯ ತೆಲುಗಿನವರು, ಕೆಟ್ಟವರೇನಲ್ಲ. ಆದರೆ ಹತ್ತಿಯ ಸಾಹುಕಾರರು ನಿಂತಿರುವಾಗ ಹಳದಿ ಬಣ್ಣ ಅಳೆಯುವ ಪೆಟ್ಟಿಗೆಯ ಚಿಂತೆ ಯಾರಿಗೆ? ನಾನು ಬೆಳಿಗ್ಗೆ ಹೋಗಿ ಕೂತರೆ ಸಂಜೆಯ ತನಕ ಅಲ್ಲೇ. ಕೂತಲ್ಲಿ ಕೂರಲಾಗದೆ ಹಳಿಯ ಪಕ್ಕ ಸಿಗ್ನಲ್ ಕಂಬದ ವರೆಗೆ ಹೋಗುವುದು, ಬರುವುದು. ಮನೆಯಲ್ಲಿ ಅನ್ನ ಆರಿಹೋಗುತ್ತಿತ್ತು. ಅವ್ವನ ತವರು ಮಾಧವರಂ. ಅಲ್ಲಿ ನನಗೊಂದು ಹೆಣ್ಣು ನೋಡಿಟ್ಟಿದ್ದಳು.

“ಹೆಣ್ಣು ನೋಡಾಕ ಬಾರೋ ಅಂದ್ರ ಪುರುಸೊತ್ತಿಲ್ಲ, ಮರದ ಪೆಟ್ಟಿಗಿ ಮುಂದ ಕಾಲು ಮುರಕೊಂಡು ಕುಂತೀ,” ಎಂದು ಒಂದು ದಿನ ಅಂದಳು. “ಅದಕ್ಕ ತಾಳಿ ಕಟ್ಟಿಬಿಡು, ನನಗೂ ಒಂದು ನಿಶ್ಚಿಂತಿ.”

ಆ ಶೆಡ್ಡಿನಲ್ಲಿ ನನಗೆ ಸಿಕ್ಕ ಮಾತಿನ ಮನುಷ್ಯ ಉರುಕುಂದಪ್ಪ. ಮದ್ದಿಕೇರದವನು, ಹಮಾಲರ ಮೇಸ್ತ್ರಿ, ಐವತ್ತು ದಾಟಿತ್ತು. ಮೂವತ್ತು ವರ್ಷ ಬೇಲು ಎತ್ತಿ ಎತ್ತಿ ಸೊಂಟ ಹೋಗಿತ್ತು. ಬಗ್ಗಿದರೆ ಏಳುವಾಗ ತೊಡೆಯ ಮೇಲೆ ಕೈ ಊರಬೇಕು. ಶೆಡ್ಡಿನಲ್ಲಿ ಮಾರ್ಕರ್ ಎಂಬ ಒಂದು ಕೆಲಸವಿತ್ತು. ಭಾರ ಎತ್ತುವುದಲ್ಲ. ಮೂಟೆಗಳ ಚೀಟಿ ಓದಿ ಅವುಗಳ ಮೇಲೆ ಊರಿನ ಹೆಸರು ಬರೆಯುವುದು. ಇದ್ದ ಮಾರ್ಕರ್ ಯುಗಾದಿಗೆ ಕೆಲಸ ಬಿಡುವವನಿದ್ದ. ತೆಲುಗು ಓದಲು ಬಂದರೆ ಆ ಜಾಗ ನಿನಗೇ ಎಂದು ಗುಮಾಸ್ತರು ಉರುಕುಂದಪ್ಪನಿಗೆ ಮಾತು ಕೊಟ್ಟಿದ್ದರು. ಅದಕ್ಕೆಂದೇ ಆತ ಆ ವಯಸ್ಸಿನಲ್ಲಿ ವಯಸ್ಕರ ಶಾಲೆಗೆ ಸೇರಿ ಅಕ್ಷರ ಕಲಿತಿದ್ದ.

ಕಲಿತದ್ದೇನು, ಕಲಿತದ್ದನ್ನೆಲ್ಲ ಕೂಗುತ್ತಿದ್ದ. ಬೀಡಿಯ ಕಟ್ಟಿನ ಮೇಲಿದ್ದದ್ದು, ಸಿನಿಮಾದ ಗೋಡೆಚೀಟಿ, ಇಲ್ಲಿ ಉಗುಳಬಾರದು ಎಂಬ ಬೋರ್ಡು, ಕಣ್ಣಿಗೆ ಬಿದ್ದದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುವುದು. ಮೇಸ್ತ್ರಿ ಬಾಯಿ ಮುಚ್ಚಿದರೆ ಆದೋನಿಯಲ್ಲಿ ಬೋರ್ಡುಗಳೇ ಇಲ್ಲ ಎಂದು ಅವನ ಗುಂಪಿನವರು ನಗೆಯಾಡುತ್ತಿದ್ದರು. ಅವನಿಗೆ ಒತ್ತಕ್ಷರ ಮಾತ್ರ ತಿಣುಕಾಟ. ಹೇಗೂ ಖಾಲಿ ಕೂತವನು ನಾನು, ಹೇಳಿಕೊಟ್ಟೆ. ಧೂಳಿನಲ್ಲಿ ಬೆರಳಿನಿಂದ ಬರೆದು ತೋರಿಸಿದೆ. ಇದು ದ, ಇದು ಡ, ಎರಡರ ನಡುವೆ ಇರುವುದು ಒಂದು ಸಣ್ಣ ಕೊಂಕು ಮಾತ್ರ, ನೋಡಿಕೋ ಮೇಸ್ತ್ರಿ ಎಂದೆ. ನಿಜ ಹೇಳಬೇಕೆಂದರೆ ನಾನೇನು ತೆಲುಗು ಪಂಡಿತನಲ್ಲ. ಬಜಾರಿನ ತೆಲುಗು ಹುಟ್ಟಿನಿಂದ ಬಾಯಲ್ಲಿತ್ತು. ಬರೆಯಲು ಕಲಿತದ್ದು ಆ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ. ಆದರೂ ಆತ ನನ್ನನ್ನು ಗುರು ಎಂದೇ ಹಿಡಿದ, ಆಚಾರ್ರ ಎಂದು ಕರೆಯತೊಡಗಿದ. ಮರುದಿನ ಬಂದು ಎರಡೂ ಅಕ್ಷರ ತಪ್ಪಿಲ್ಲದೆ ಬರೆದು ತೋರಿಸಿದ.

ಇತ್ತ ನನ್ನ ಪೆಟ್ಟಿಗೆಗೆ ಬೇರೆಯೇ ಒಂದು ಕಾಟ ಶುರುವಾಯಿತು. ಅದರ ನಾಲ್ಕು ಮಗ್ಗುಲಿಗೂ ಕಾಲುಳ್ಳ ಒಂದು ಗಾಜಿನ ಬಟ್ಟಲಿನ ಚಿತ್ರ ಅಚ್ಚು ಹಾಕಿದ್ದರು. ಒಳಗಿರುವುದು ಒಡೆಯುವಂಥದು, ಬಟ್ಟಲು ನಿಂತ ಹಾಗೆ ಪೆಟ್ಟಿಗೆಯೂ ನಿಲ್ಲಲಿ ಎಂದು ಅದರ ಅರ್ಥ. ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ. ಆದರೆ ಆಗ ನಮ್ಮಲ್ಲಿ ಸೆರೆ ಬಂದ್ ಆಗಿತ್ತು, ಪಾನನಿಷೇಧದ ಕಾಲ. ಬಟ್ಟಲಿನ ಚಿತ್ರ ನೋಡಿದವರಿಗೆ ಒಳಗಿರುವುದು ವಿಲಾಯತಿ ಸೆರೆ ಎಂದಲ್ಲದೆ ಮತ್ತೇನು ತೋರೀತು? ಸುದ್ದಿ ಹಬ್ಬಿತು. ಒಬ್ಬ ಪೋಲೀಸಿನವನು ಬಂದು ಪೆಟ್ಟಿಗೆಯ ಸುತ್ತ ಮೂಸಿ ಮೂಸಿ ನೋಡಿ, ಏನೂ ವಾಸನೆ ಬರಲಿಲ್ಲವೆಂದು ಬೇಸರಪಟ್ಟುಕೊಂಡು ಹೋದ. ಅಷ್ಟಾದರೆ ನಗುತ್ತಿದ್ದೆ. ಒಂದು ದಿನ ನೋಡುತ್ತೇನೆ, ಹಿಂಬದಿಯ ಹಲಗೆಗೆ ಯಾರೋ ಮೊಳೆಯಿಂದ ತೂತು ಕೊರೆಯಲು ಹೊರಟಿದ್ದಾರೆ. ಅರ್ಧ ಬೆರಳು ಒಳಗೆ ಹೋಗಿತ್ತು.

ಅವತ್ತೇ ನಾನು ಗುಂತಕಲ್ಲಿಗೆ ಹೊರಟಿದ್ದೆ. ವ್ಯಾಗನ್ನು ಹಂಚುವ ಕಚೇರಿ ಅಲ್ಲಿತ್ತು. ಇಲ್ಲಿ ಕೂತು ಪ್ರಯೋಜನವಿಲ್ಲ, ಅಲ್ಲೇ ಹೋಗಿ ಕಾಲು ಹಿಡಿಯುತ್ತೇನೆ ಎಂದು ತೀರ್ಮಾನಿಸಿದ್ದೆ. ಗಾಡಿಗೆ ಅರ್ಧ ತಾಸು ಉಳಿದಿತ್ತು. ಮಾರ್ಕರನ ಡಾಂಬರಿನ ಡಬ್ಬಿ, ಕುಂಚ ಎತ್ತಿಕೊಂಡೆ. ನಾಲ್ಕೂ ಮಗ್ಗುಲಿನ ಬಟ್ಟಲುಗಳನ್ನು ಬಳಿದು ಮುಚ್ಚಿದೆ. ಅದರ ಕೆಳಗೆ ತೆಲುಗಿನಲ್ಲಿ ದೊಡ್ಡದಾಗಿ ಬರೆದೆ: ಅದ್ದಂ, ಜಾಗ್ರತ್ತ. ಗಾಜು, ಜೋಕೆ ಎಂದು. ತೆಲುಗಿನಲ್ಲಿ ಕನ್ನಡಿಗೂ ಗಾಜಿಗೂ ಅದ್ದಂ ಅನ್ನುತ್ತಾರೆ. ಅವಸರದಲ್ಲೂ ನನ್ನ ಕೈ ಸುಮ್ಮನಿರಲಿಲ್ಲ. ಅಕ್ಷರಗಳಿಗೆ ನನ್ನ ಎಂದಿನ ದುಂಡು, ಎಂದಿನ ಬಳುಕು ಕೊಟ್ಟೆ. ದೂರ ನಿಂತು ನೋಡಿ ಖುಷಿಪಟ್ಟೆ. ಪೆಟ್ಟಿಗೆಯನ್ನು ನಿಲ್ಲಿಸಿಯೇ ಇಡಿ ಎಂದು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ನಿಂತಿದ್ದನ್ನು ಯಾರು ಮಲಗಿಸುತ್ತಾರೆ ಎಂದುಕೊಂಡೆ. ಉರುಕುಂದಪ್ಪನ ಗುಂಪು ಆಗ ಹೊರಗೆ ಬೇಲು ಇಳಿಸುತ್ತಿತ್ತು.

ಗುಂತಕಲ್ಲಿನಲ್ಲಿ ಎರಡು ದಿನ ಒಂದು ಬೆಂಚಿನ ಮೇಲೆ ಕಳೆದೆ. ಇದು ಯಾವ ಯಂತ್ರ, ಏನು ಉಪಯೋಗ ಎಂದು ಒಬ್ಬೊಬ್ಬರಿಗೂ ಹೇಳಿ ಹೇಳಿ ನಾಲಿಗೆ ಒಣಗಿತು. ಒಬ್ಬ ಅಧಿಕಾರಿ ಹತ್ತಿಬೀಜದ ಎಣ್ಣೆ ತಿಂದರೆ ಕೂದಲು ಉದುರುತ್ತದೆಯೇ ಎಂದು ಕೇಳಿದರು. ಅವರ ತಲೆ ನೋಡಿ, ಇಲ್ಲವೇ ಇಲ್ಲ ಎಂದು ಆಣೆ ಮಾಡಿದೆ. ಅದರಿಂದಲೋ ಏನೋ, ಗುರುವಾರ ನಿನಗೊಂದು ವ್ಯಾಗನ್ನು ಎಂದು ಬರೆದುಕೊಟ್ಟರು. ಬುಧವಾರ ಬೆಳಿಗ್ಗೆ ಆದೋನಿಯಲ್ಲಿ ಇಳಿದು ಹಳಿ ದಾಟಿ ಓಡುತ್ತ ಶೆಡ್ಡಿಗೆ ಬಂದೆ.

ನನ್ನ ಪೆಟ್ಟಿಗೆ ಮಲಗಿತ್ತು.

ಹಿಂದಿನ ದಿನ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹೊಡೆದಿತ್ತಂತೆ. ಹೊರಗಿದ್ದ ಬೇಲುಗಳನ್ನು ಒಳಗೆಳೆಯುವ ಗಡಿಬಿಡಿಯಲ್ಲಿ ಎಲ್ಲವನ್ನೂ ಅತ್ತ ಇತ್ತ ಸರಿಸಿದ್ದರು. ನನ್ನ ಪೆಟ್ಟಿಗೆಯನ್ನು ಒಂದು ಮೂಲೆಯಲ್ಲಿ, ಅಡಿಗೆ ನಾಲ್ಕು ಪದರ ಗೋಣಿಚೀಲ ಹಾಸಿ, ಎರಡೂ ಕಡೆ ಹತ್ತಿಯ ಮೂಟೆ ಆನಿಸಿ, ಬಾಣಂತಿಯನ್ನು ಮಲಗಿಸಿದ ಹಾಗೆ ಮಲಗಿಸಿದ್ದರು. ಅದು ಅಡ್ಡಾದಿಡ್ಡಿ ಕೆಲಸವಲ್ಲ. ಯಾರೋ ಬಹಳ ಅಕ್ಕರೆಯಿಂದ ಮಾಡಿದ್ದು. ನನ್ನ ಕೂಗಿಗೆ ಹಮಾಲರೆಲ್ಲ ಓಡಿ ಬಂದರು. ಹತ್ತು ಜನ ಇದ್ದರು. ಯಾರು ಇದನ್ನು ಮಲಗಿಸಿದವರು ಎಂದು ಕಿರುಚಿದೆ. ಉರುಕುಂದಪ್ಪ ಮುಂದೆ ಬಂದ. ಅವನ ಮುಖದಲ್ಲಿ ಭಯವಿರಲಿಲ್ಲ. ಕೆಲಸ ಸರಿಯಾಗಿ ಮಾಡಿದವನ ಮುಖ ಅದು.

“ನೀವ ಬರದೀರಲ್ರಿ ಆಚಾರ್ರ, ಅಡ್ಡಂ ಅಂತ. ಜಾಗ್ರತ್ತ ಅಂತಾನೂ ಬರದೀರಿ. ಅದಕ್ಕ ಜ್ವಾಕಿಲೆ ಅಡ್ಡ ಇಟ್ಟೀವಿ.”

ಅಡ್ಡಂ ಎಂದರೆ ತೆಲುಗಿನಲ್ಲೂ ಅಡ್ಡವೇ. ನಾನು ಪೆಟ್ಟಿಗೆಯ ಕಡೆ ನೋಡಿದೆ. ಒಂದೇ ನೋಟಕ್ಕೆ ತಿಳಿಯಿತು. ನನ್ನ ಬಳುಕಿನಲ್ಲಿ ಕೊಂಕು ಮುಳುಗಿಹೋಗಿತ್ತು. ದಕಾರ ಡಕಾರವಾಗಿತ್ತು, ಒತ್ತೂ ಅದೇ. ಮೇಲೆ ಕಾಣುವ ಮಗ್ಗುಲಲ್ಲಿ ಅಚ್ಚುಕಟ್ಟಾಗಿ, ಮುತ್ತಿನಂಥ ಅಕ್ಷರದಲ್ಲಿ, ಅಡ್ಡಂ, ಜಾಗ್ರತ್ತ. ಅಡ್ಡ ಇಡಿ, ಜೋಕೆ. ನಾನೇ ಬರೆದದ್ದು. ಇದ್ದದ್ದನ್ನು ಇದ್ದ ಹಾಗೆ ಆತ ಓದಿದ್ದ.

ಆ ಗಳಿಗೆಯಲ್ಲಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ತಪ್ಪು ನನ್ನದು, ಮೇಸ್ತ್ರಿ ಸರಿಯಾಗಿ ಓದಿದ್ದಾನೆ. ಆದರೆ ಹತ್ತು ಜನ ನೋಡುತ್ತಿದ್ದರು, ಮತ್ತು ನಾನು ಎಂ.ಎಸ್ಸಿ.

“ಅಡ್ಡಂ ಅಲ್ಲ, ಅದ್ದಂ,” ಎಂದೆ. “ದಕ್ಕೂ ಡಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲೇನು ನಿನಗ? ಎಷ್ಟು ಸಲ ಹೇಳಿಕೊಟ್ಟೆ?”

ಉರುಕುಂದಪ್ಪ ಪೆಟ್ಟಿಗೆಯ ಹತ್ತಿರ ಬಗ್ಗಿದ. ಅಕ್ಷರದ ಮೇಲೆ ಬೆರಳಾಡಿಸಿದ. ತುಟಿ ಅಲ್ಲಾಡಿತು. ಡ ಅಲ್ಲೇನ್ರಿ ಇದು ಎಂದು ಮೆಲ್ಲಗೆ ಕೇಳಿದ. ಅಲ್ಲ ಎಂದೆ. ಆತ ಇನ್ನೂ ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ತೊಡೆಯ ಮೇಲೆ ಕೈ ಊರಿ ಎದ್ದು ನಿಂತು, ಹಿಡೀರಪ್ಪಾ ಎಂದು ತನ್ನವರನ್ನು ಕರೆದ. ಎಲ್ಲರೂ ಸೇರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು.

ಮಧ್ಯಾಹ್ನ ಹಮಾಲರು ಊಟಕ್ಕೆ ಬೇವಿನ ಮರದ ಕೆಳಗೆ ಹೋದರು. ಗುಮಾಸ್ತರು ಊಟ ಮುಗಿಸಿ ಬಂದು ಪೆಟ್ಟಿಗೆ ನೋಡುವುದಾಗಿ ಹೇಳಿ ಕಳಿಸಿದ್ದರು. ಶೆಡ್ಡಿನಲ್ಲಿ ನಾನೊಬ್ಬನೇ. ಅಪರಂಜಿಯಂಥ ಬಿಸಿಲು, ಪಾರಿವಾಳದ ಸದ್ದು. ಡಾಂಬರಿನ ಡಬ್ಬಿ ಅಲ್ಲೇ ಇತ್ತು. ಕುಂಚದ ತುದಿಯಿಂದ ನಾಲ್ಕೂ ಮಗ್ಗುಲಿನ ಅಕ್ಷರ ತಿದ್ದಿದೆ. ಒಂದೊಂದಕ್ಕೆ ಎರಡೆರಡು ಗೀಟು ಅಷ್ಟೇ. ಇಂಥ ಕೆಲಸಕ್ಕೆ ನನ್ನ ಕೈ ಎಷ್ಟು ಚೆನ್ನಾಗಿ ಒದಗುತ್ತದೆ ಎಂದು ನನಗೇ ಆಶ್ಚರ್ಯವಾಯಿತು.

ಗುಮಾಸ್ತರು ಬಂದರು. ಏನಾಯಿತೆಂದು ಕೇಳಿದರು. ಮೇಸ್ತ್ರಿ ತಪ್ಪು ಓದಿ ಮಲಗಿಸಿದ್ದ, ಈಗ ನಿಲ್ಲಿಸಿದ್ದೇವೆ ಎಂದೆ. ಅವರು ಅಕ್ಷರದ ಹತ್ತಿರ ಕನ್ನಡಕ ತಂದು ನೋಡಿದರು. ಇಷ್ಟು ಸ್ಪಷ್ಟವಾಗಿದೆಯಲ್ಲ ಎಂದರು. ಉರುಕುಂದಪ್ಪನನ್ನು ಕರೆಸಿ, ಎಲ್ಲರ ಮುಂದೆ, ಓದು ಎಂದರು. ಆತ ನೋಡಿದ. ಬಹಳ ಹೊತ್ತು ನೋಡಿದ. ನಾನು ಮಾಡಿನ ತಗಡು ನೋಡುತ್ತ ನಿಂತೆ. ಕೊನೆಗೆ ಆತ ಅದ್ದಂ ಎಂದು ಓದಿದ. ಹಾಗಾದರೆ ನಿನ್ನೆ ಏನು ಕಣ್ಣು ಮುಚ್ಚಿಕೊಂಡು ಓದಿದೆಯಾ ಎಂದು ಗುಮಾಸ್ತರು ಕೇಳಿದರು. ಆತ ಬೆರಳನ್ನು ಪಂಚೆಗೆ ಒರೆಸಿಕೊಂಡ. ಗಾಜು ಯಾವುದು ಅಡ್ಡ ಯಾವುದು ತಿಳಿಯದವನು ಮಾರ್ಕರ್ ಆದರೆ ಬಳ್ಳಾರಿಯ ಮೂಟೆ ಮದರಾಸಿಗೆ ಹೋಗುತ್ತದೆ ಎಂದು ತೆಲುಗಿನಲ್ಲಿ ಅಂದರು. ಹಮಾಲರಲ್ಲಿ ಇಬ್ಬರು ನಕ್ಕರು. ಪೆಟ್ಟಿಗೆ ಮಲಗಿದ್ದ ಸಂಗತಿಯನ್ನು ಗುಮಾಸ್ತರು ಕಾಗದದ ಮೇಲೆ ಬರೆಯಲಿಲ್ಲ. ಬರೆದರೆ ಅವರಿಗೂ ವಿಚಾರಣೆ. ಒಳಗೆ ಏನೂ ಅಲ್ಲಾಡಿದ ಸದ್ದಿಲ್ಲ, ಸುಮ್ಮನೆ ಕಳಿಸಿಬಿಡೋಣ ಎಂದರು.

ಗುರುವಾರ ವ್ಯಾಗನ್ನು ಬಂತು. ಉರುಕುಂದಪ್ಪನೇ ನಿಂತು ಹೇರಿಸಿದ. ನಾಲ್ಕು ಕಡೆ ಹಗ್ಗ ಬಿಗಿಸಿದ, ಅಡಿಗೆ ಹುಲ್ಲು ಕೊಡಿಸಿದ, ಪೆಟ್ಟಿಗೆ ಒಂದು ಬೆರಳೂ ವಾಲದ ಹಾಗೆ ನೋಡಿಕೊಂಡ. ವ್ಯಾಗನ್ನಿನ ಬಾಗಿಲಿಗೆ ಚೀಟಿ ಅಂಟಿಸಿದಾಗ ಗುಂಪಿನವನೊಬ್ಬ, ಓದ್ರಿ ಮೇಸ್ತ್ರಿ ಎಂದು ಚೇಷ್ಟೆ ಮಾಡಿದ. ಆತ ಓದಲಿಲ್ಲ. ಚೀಟಿಯ ಕಡೆ ತಿರುಗಿಯೂ ನೋಡಲಿಲ್ಲ. ಹೋಗಿ ಬರುತ್ತೇನೆ ಎಂದು ಹೇಳಲು ಅವನ ಹತ್ತಿರ ಹೋದೆ. ಆಗಲಿ ಎಂದು ತಲೆಯಾಡಿಸಿದ.

ವಿಶ್ವವಿದ್ಯಾಲಯದಲ್ಲಿ ಪೆಟ್ಟಿಗೆ ಬಿಚ್ಚುವಾಗ ಒಂದೊಂದು ಹಲಗೆ ಕಿತ್ತಾಗಲೂ ಈಗ ಗಾಜಿನ ಚೂರು ಉದುರುತ್ತದೆ ಎಂದು ಕಾಯುತ್ತಿದ್ದೆ. ಏನೂ ಆಗಿರಲಿಲ್ಲ. ತೂಗುವ ಭಾಗವನ್ನು ತಯಾರಿಸಿದವರೇ ತಿರುಪು ಹಾಕಿ ಬಿಗಿದಿದ್ದರು. ಮಲಗಿಸಿದರೂ ಉರುಳಿಸಿದರೂ ಅಲುಗದಂತೆ. ವಾರದೊಳಗೆ ಯಂತ್ರ ನಿಂತಿತು. ಆದೋನಿಯ ಬೀಜದ ಹಳದಿ ವಸ್ತುವನ್ನು ಅದರೊಳಗಿಟ್ಟು ಪ್ರೊಫೆಸರು ಒಂದೊಂದೇ ಅಂಕಿ ಹೇಳಿದರು. ನಾನು ಬರೆದುಕೊಂಡು ಕಾಗದದ ಮೇಲೆ ಚುಕ್ಕಿ ಇಟ್ಟು ಸೇರಿಸುತ್ತ ಹೋದೆ. ಗೆರೆ ಏರಿತು, ಇಳಿಯಿತು, ಮತ್ತೊಂದು ಸಣ್ಣ ಏರು. ಅವರು ಹೇಳುತ್ತಿದ್ದಂತೆಯೇ. ಎರಡು ವರ್ಷ ಕಾದ ಮನುಷ್ಯ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಇದನ್ನು ನೀನು ಅಂಗೈ ಮೇಲೆ ಇಟ್ಟುಕೊಂಡು ತಂದಿದ್ದೀಯ ಎಂದು ನನ್ನ ಬೆನ್ನು ತಟ್ಟಿದರು.

ಆಮೇಲಿನ ತಿಂಗಳುಗಳಲ್ಲಿ ನನ್ನ ಸಂಶೋಧನೆ ಓಡಿತು, ಮನಸ್ಸು ಮಾತ್ರ ಕುಂಟಿತು. ಒಂದೇ ಲೆಕ್ಕ ಮತ್ತೆ ಮತ್ತೆ. ನಿಜ ಹೇಳಿದ್ದರೂ ಗುಮಾಸ್ತರು ಕಾಗದದ ಮೇಲೆ ಬರೆಯುತ್ತಿರಲಿಲ್ಲ. ಪೆಟ್ಟಿಗೆ ಅದೇ ಗುರುವಾರ ಹೋಗುತ್ತಿತ್ತು, ಯಂತ್ರ ಹೀಗೆಯೇ ನಿಲ್ಲುತ್ತಿತ್ತು. ನಾನು ಸುಳ್ಳು ಹೇಳಿ ಉಳಿಸಿಕೊಂಡದ್ದು ಯಂತ್ರವನ್ನಲ್ಲ, ನನ್ನ ಅಕ್ಷರದ ಮರ್ಯಾದೆಯನ್ನು. ಯುಗಾದಿ ಬಂತು, ಹೋಯಿತು. ಮಾರ್ಕರ್ ಕೆಲಸ ಯಾರಿಗಾಯಿತೋ ಎಂದು ಯೋಚಿಸುತ್ತ ಹೋಳಿಗೆ ತಿಂದೆ.

ಜೂನ್ ತಿಂಗಳಲ್ಲಿ ರಜೆ ಸಿಕ್ಕಿತು. ಊರಲ್ಲಿ ಮುಂಗಾರು ಆಗಷ್ಟೇ ಹನಿಸಿತ್ತು. ಎರಡು ದಿನ ಶೆಡ್ಡಿನ ಕಡೆ ಹೋಗಲು ಧೈರ್ಯವಾಗಲಿಲ್ಲ. ಮೂರನೆಯ ದಿನ, ವಾಪಸು ಹೊರಡುವ ದಿನ, ಟ್ರಂಕು ಸ್ಟೇಷನ್ನಿನಲ್ಲಿಟ್ಟು ಹೋದೆ. ಹತ್ತಿಯ ಕಾಲ ಮುಗಿದು ಶೆಡ್ಡು ಬಿಕೋ ಎನ್ನುತ್ತಿತ್ತು. ಉರುಕುಂದಪ್ಪ ಹಿಂಡಿಯ ಚೀಲ ಎತ್ತುತ್ತಿದ್ದ. ಬಗ್ಗಿದಾಗ ಅವನ ಬಾಯಿಂದ ಬರುತ್ತಿದ್ದ ಸದ್ದು ಬಾಗಿಲಿನ ತನಕ ಕೇಳಿಸಿತು. ನನ್ನನ್ನು ಕಂಡು ಚೀಲ ಇಳಿಸಿ ಹೊರಗೆ ಬಂದ. ಬೇವಿನ ಮರದ ಕಟ್ಟೆಯ ಮೇಲೆ ಕೂತೆವು.

ಹೇಳಿದೆ. ನಾನೇ ತಪ್ಪು ಬರೆದದ್ದು, ಮಧ್ಯಾಹ್ನ ನಾನೇ ತಿದ್ದಿದ್ದು, ಎಲ್ಲ. ಹೇಳುವಾಗ ಅವನ ಮುಖ ನೋಡಲಿಲ್ಲ.

“ಗೊತ್ತೈತ್ರಿ,” ಎಂದ. “ಅವತ್ತ ಗುಮಾಸ್ತರು ಓದು ಅಂದಾಗ ಕೈಯಾಡಿಸಿದೆ. ಡಾಂಬರು ಬೆರಳಿಗೆ ಹತ್ತಿತು. ಎರಡು ದಿನದ ಡಾಂಬರು ಹತ್ತೂದಿಲ್ಲ.”

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಯಾರು ನಂಬುತ್ತಿದ್ದರು ಎಂದ. ಸಿಟ್ಟಿನಿಂದಲ್ಲ, ಇದೇನು ಕೇಳುವ ಮಾತೇ ಎಂಬ ಹಾಗೆ. ನಾನು ಈಗಲೇ ಬಂದು ಗುಮಾಸ್ತರಿಗೆ ಹೇಳುತ್ತೇನೆ ಎಂದು ಎದ್ದೆ. ಆತ ಕೈ ಹಿಡಿದು ಕೂರಿಸಿದ. ಆ ಜಾಗಕ್ಕೆ ಬೇರೆಯವನು ಬಂದಿದ್ದಾನೆ, ಮಕ್ಕಳೊಂದಿಗ, ಅವನನ್ನು ಬಿಡಿಸಿ ತಾನು ಹೋಗುವುದು ಬೇಡ ಎಂದ. ಆಮೇಲೆ ಮೊದಲ ಸಲ ನನ್ನಲ್ಲಿ ಏನನ್ನಾದರೂ ಬೇಡಿದ.

“ಕೆಲಸ ಬ್ಯಾಡ್ರಿ. ನಮ್ಮ ಮಂದಿ ಮುಂದ ಒಂದ ಮಾತು ಹೇಳಿ ಹೋಗ್ರಿ. ನನಗ ಓದಾಕ ಬರ್ತೈತಿ ಅಂತ. ಅಷ್ಟ ಸಾಕು.”

ಆಯಿತು ಎಂದೆ. ಅಷ್ಟೇ ತಾನೆ, ಅದೇನು ದೊಡ್ಡದು ಎಂದುಕೊಂಡೆ. ಇಬ್ಬರೂ ಒಳಗೆ ಹೋದೆವು. ಏಳೆಂಟು ಜನ ಚೀಲಗಳ ಮೇಲೆ ಕೂತು ರೊಟ್ಟಿ ಬಿಚ್ಚುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತು, ಆಚಾರ್ರು ಬಂದ್ರು, ಪೆಟ್ಟಿಗಿ ಮುಟ್ಟಿತೇನ್ರಿ ಎಂದು ವಿಚಾರಿಸಿದರು. ಒಬ್ಬ ಟವಲಿನಿಂದ ಜಾಗ ಒರೆಸಿ ಕೂರಲು ಹೇಳಿದ. ಎಷ್ಟು ಮರ್ಯಾದೆ ಆ ಕಣ್ಣುಗಳಲ್ಲಿ. ಉರುಕುಂದಪ್ಪ ನನ್ನ ಪಕ್ಕದಲ್ಲಿ, ಕೈಕಟ್ಟಿ, ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಿದ್ದ. ನಾನು ಬಾಯಿ ತೆರೆದೆ.

“ಅವತ್ತಿನ ಪೆಟ್ಟಿಗಿ ಮಾತು,” ಎಂದೆ. “ಮೇಸ್ತ್ರಿದು ಏನೂ ತಪ್ಪಿಲ್ಲ. ಡಾಂಬರು ಸ್ವಲ್ಪ ಕಲಸಿತ್ತು. ಅಕ್ಷರ ನೆಟ್ಟಗ ಕಾಣ್ತಿದ್ದಿಲ್ಲ. ಯಾರಿಗಾದ್ರೂ ಹಂಗ ಆಗ್ತಿತ್ತು.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌದ್ರಿ, ಪಾಪ, ವಯಸ್ಸಾತು, ಮೇಸ್ತ್ರಿಗೆ ಕಣ್ಣು ಮಂದ ಆಗ್ಯಾವ ಎಂದು ಒಬ್ಬ ಕನಿಕರದಿಂದ ಅಂದ. ಉಳಿದವರು ಹೂಂ ಎಂದರು. ಉರುಕುಂದಪ್ಪ ನನ್ನ ಕಡೆ ತಿರುಗಿದ. ನಾನು ಇನ್ನೂ ಏನೋ ಹೇಳುವವನಿದ್ದೇನೆ ಎಂದು ಕಾದ. ನನ್ನ ನಾಲಿಗೆ ಹೇಳೀತೆಂದು ನಾನೂ ಕಾದೆ. ರೊಟ್ಟಿಯ ಬುತ್ತಿ ಬಿಚ್ಚುವ ಸದ್ದು ಮತ್ತೆ ಶುರುವಾಯಿತು.

ಆತ ಗೋಡೆಗೆ ಸಿಕ್ಕಿಸಿದ್ದ ಕೊಕ್ಕೆ ತೆಗೆದುಕೊಂಡು ಹಿಂಡಿಯ ಚೀಲದ ಹತ್ತಿರ ಹೋದ. ಬಗ್ಗುವ ಮೊದಲು ಒಮ್ಮೆ ಹಿಂತಿರುಗಿ ನೋಡಿದ.

“ನಿಮ್ಮ ಗಾಡಿ ಹೊತ್ತಾತ್ರಿ ಆಚಾರ್ರ,” ಎಂದ.

ಗಾಡಿಗೆ ಇನ್ನೂ ಒಂದು ತಾಸಿನ ಮೇಲಿತ್ತು. ಅದು ಅವನಿಗೂ ಗೊತ್ತಿತ್ತು. ನಾನು ಎದ್ದು ಹೊರಟುಬಿಟ್ಟೆ.